ದಾನಕ್ಕಿಂತ ಪಾಲನೆ ಮಿಗಿಲು: ಪಡಸಾಲೆಯ ಪರದೆ ಮತ್ತು ಕನ್ನಡ ವಿಭಾಗದ ಹೊಣೆ

ಕಳೆದ ಕೆಲವು ವರ್ಷಗಳಿಂದ ನಮ್ಮ ವಿಶ್ವವಿದ್ಯಾಲಯಗಳ ಹಾಗೂ ಕಾಲೇಜುಗಳ ಪಡಸಾಲೆಗಳಲ್ಲಿ, ಗಾಜಿನ ಬಾಗಿಲಿನ ಹಳೆಯ ನೋಟಿಸ್ ಬೋರ್ಡುಗಳ ಪಕ್ಕದಲ್ಲಿಯೇ, ದೊಡ್ಡ ಟಿ.ವಿ. ಪರದೆಗಳು ಕಾಣಿಸಿಕೊಳ್ಳುತ್ತಿವೆ. ಪರೀಕ್ಷೆಯ ವೇಳಾಪಟ್ಟಿ, ವಿಚಾರಸಂಕಿರಣದ ಆಹ್ವಾನ, ಶುಲ್ಕ ಕಟ್ಟಬೇಕಾದ ಕೊನೆಯ ದಿನಾಂಕ, ಮೌಖಿಕ ಪರೀಕ್ಷೆಯ ಪ್ರಕಟಣೆ ಇವೆಲ್ಲ ಅಲ್ಲಿ ಸರದಿಯಂತೆ ಬಂದು ಹೋಗುತ್ತವೆ. ಈ ಪರದೆಗಳ ಹಿಂದೆ ಇರುವ ಯಂತ್ರ ಯಾವುದು, ಅದರಲ್ಲಿ ನಡೆಯುವ ತಂತ್ರಾಂಶ ಯಾರದು, ಅದರ ಮೇಲೆ ಮೂಡುವ ಕನ್ನಡವನ್ನು ತಿದ್ದುವವರು ಯಾರು ಎಂಬ ಪ್ರಶ್ನೆಗಳು ಕನ್ನಡ ವಿಭಾಗಗಳಲ್ಲಿ ಚರ್ಚೆಗೆ ಬಂದದ್ದು ಕಡಿಮೆ. ಇದು ಕಂಪ್ಯೂಟರ್ ವಿಭಾಗದವರ ಕೆಲಸ, ಇಲ್ಲವೆ ವಿದ್ಯುತ್ ಶಾಖೆಯವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಈ ಭಾವನೆಯನ್ನು ಮರುಪರಿಶೀಲಿಸಬೇಕೆಂಬುದು ಪ್ರಸ್ತುತ ಲೇಖನದ ಉದ್ದೇಶ. ಸಾರ್ವಜನಿಕ ಬರವಣಿಗೆಯ ಜಾಗವೊಂದು ಸೃಷ್ಟಿಯಾದಾಗ ಅಲ್ಲಿನ ಭಾಷೆಯನ್ನು ನೋಡಿಕೊಳ್ಳುವ ಹೊಣೆ ಭಾಷಾವಿಭಾಗಕ್ಕೆ ತಾನಾಗಿಯೇ ಬರುತ್ತದೆ. ಆ ಹೊಣೆಯ ದೊಡ್ಡ ಪಾಲು ಫಲಕವನ್ನು ಸ್ಥಾಪಿಸುವುದರಲ್ಲಿ ಇಲ್ಲ, ಅದನ್ನು ಪಾಲಿಸುವುದರಲ್ಲಿದೆ ಎಂಬುದು ನನ್ನ ವಾದ.

1. ಶಾಸನಕಾರರ ಅರಿವು

ಪಾಲನೆಯ ಮಾತು ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ಐದನೆಯ ಶತಮಾನದ ಹಲ್ಮಿಡಿ ಶಾಸನದಿಂದ ಮೊದಲ್ಗೊಂಡು ಸಾವಿರಾರು ಕಲ್ಲುಗಳ ಮೇಲೆ ಕನ್ನಡವು ಊರಿನ ನಡುವೆ, ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತು. ದಾನಶಾಸನವೊಂದರ ರಚನೆಯನ್ನು ಗಮನಿಸಿದರೆ, ದಾನ ಕೊಟ್ಟವರು, ಪಡೆದವರು, ಕೊಟ್ಟ ಭೂಮಿಯ ಎಲ್ಲೆ ಇವುಗಳ ವಿವರ ಮುಗಿದ ಮೇಲೆ, ದಾನವನ್ನು ಕಾಪಾಡುವವರಿಗೆ ಸಲ್ಲುವ ಪುಣ್ಯ ಮತ್ತು ಅಳಿಯುವವರಿಗೆ ತಟ್ಟುವ ಪಾಪಗಳ ಭಾಗ ಬರುತ್ತದೆ. ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಮೇಲೆಂಬ ಆಶಯದ ಸಂಸ್ಕೃತ ಶ್ಲೋಕ ಅನೇಕ ಕನ್ನಡ ಶಾಸನಗಳ ಕೊನೆಯಲ್ಲಿ ಪುನರಾವರ್ತನೆಗೊಂಡಿದೆ. ಅದನ್ನು ರೂಢಿಯ ಮಾತೆಂದು ಬದಿಗಿಡುವ ವಾಡಿಕೆ ನಮ್ಮಲ್ಲಿದೆ. ಆದರೆ ರೂಢಿಯ ಮಾತಿನ ಹಿಂದೆ ಅನುಭವವಿರುತ್ತದೆ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿದರೂ ಹೂಳು ತೆಗೆಯುವವನಿಲ್ಲದಿದ್ದರೆ ಕೆರೆ ಉಳಿಯುವುದಿಲ್ಲ ಎಂಬುದನ್ನು ಆ ಸಮಾಜ ಬಲ್ಲದಾಗಿತ್ತು. ಆದ್ದರಿಂದಲೇ ಕೆರೆಗಳ ನಿರ್ಮಾಣ, ದುರಸ್ತಿಗಳ ಸಂಬಂಧವಾಗಿ ಬಿತ್ತುವಟ್ಟ, ಕಟ್ಟುಗೊಡಗೆಗಳಂತಹ ದತ್ತಿಗಳು ಏರ್ಪಟ್ಟವು. ಪಾಲನೆಯನ್ನು ಅವರು ಯಾರದೋ ಸದ್ಭಾವನೆಗೆ ಬಿಡದೆ ಅದಕ್ಕೊಂದು ಆದಾಯದ ಮೂಲವನ್ನೂ ಒಬ್ಬ ಹೊಣೆಗಾರನನ್ನೂ ಗೊತ್ತುಮಾಡಿದರು.

ಶಾಸನದ ಕಲ್ಲಿಗೂ ಇಂದಿನ ಪರದೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಲ್ಲಿನ ಮೇಲೆ ಕಂಡರಿಸಿದ ಅಕ್ಷರ ನೋಡುವವರಿಲ್ಲದಿದ್ದರೂ ಶತಮಾನಗಳ ಕಾಲ ನಿಲ್ಲಬಲ್ಲದು. ಪರದೆಯ ಮೇಲಿನ ಅಕ್ಷರ ವಿದ್ಯುತ್ತು ಇರುವಷ್ಟು ಹೊತ್ತು, ಮೆಮೊರಿ ಕಾರ್ಡು ಕೆಡದಷ್ಟು ದಿನ, ತಂತ್ರಾಂಶ ನಡೆಯುವಷ್ಟು ಕಾಲ ಮಾತ್ರ ಇರುತ್ತದೆ. ಕಲ್ಲಿಗೇ ಪಾಲನೆ ಬೇಕೆಂದು ತಿಳಿದಿದ್ದವರ ವಾರಸುದಾರರಾದ ನಾವು ಪರದೆಯ ವಿಚಾರದಲ್ಲಿ ಉದ್ಘಾಟನೆಯ ದಿನವನ್ನೇ ಕೆಲಸದ ಕೊನೆಯ ದಿನವೆಂದು ಭಾವಿಸಿರುವುದು ವಿಪರ್ಯಾಸ.

2. ಯಂತ್ರ ಮತ್ತು ತಂತ್ರಾಂಶದ ಸ್ವರೂಪ

ಚರ್ಚೆಗೆ ಖಚಿತತೆ ಬರಬೇಕಾದರೆ ಈ ವ್ಯವಸ್ಥೆಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಒಂದೇ ಮುದ್ರಿತ ಫಲಕದ ಮೇಲೆ ಸಂಸ್ಕಾರಕ, ಸ್ಮೃತಿ, ಜೋಡಣೆಯ ಕಿಂಡಿಗಳೆಲ್ಲ ಅಡಕವಾಗಿರುವ ಅಂಗೈಯಗಲದ ಗಣಕಗಳು ಈಗ ಬಳಕೆಯಲ್ಲಿವೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ. ಶಾಲಾ ಮಕ್ಕಳು ಕಂಪ್ಯೂಟರಿನ ಒಳಗನ್ನು ಅರಿಯಬೇಕೆಂಬ ಉದ್ದೇಶದಿಂದ 2012ರ ಫೆಬ್ರವರಿ 29ರಂದು ಬಿಡುಗಡೆಯಾದ ಇದರ ಮೊದಲ ಮಾದರಿಯ ಬೆಲೆ 35 ಡಾಲರ್ ಆಗಿತ್ತು. 2019ರಲ್ಲಿ ನಾಲ್ಕನೆಯ, 2023ರಲ್ಲಿ ಐದನೆಯ ಪೀಳಿಗೆಯ ಫಲಕಗಳು ಬಂದವು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ಟಿ.ವಿ.ಯ ಬೆನ್ನಿಗೆ ಅಂಟಿಸಿಡಬಹುದಾದ ಈ ಪುಟ್ಟ ಗಣಕ ಸೂಚನಾ ಫಲಕದ ಕೆಲಸಕ್ಕೆ ತಕ್ಕುದಾಗಿದೆ.

ಇದರ ಮೇಲೆ ನಡೆಯುವ ಮುಕ್ತ ತಂತ್ರಾಂಶಗಳಲ್ಲಿ ಆಂಥಿಯಾಸ್ ಒಂದು. 2022ರವರೆಗೆ ಸ್ಕ್ರೀನ್‌ಲಿ ಓಎಸ್‌ಇ ಎಂಬ ಹೆಸರಿನಿಂದ ಇದ್ದುದು ಆ ವರ್ಷ ಈ ಹೊಸ ಹೆಸರನ್ನು ಪಡೆಯಿತು. ಕ್ಸಿಬೊ ಎಂಬ ಇನ್ನೊಂದು ವ್ಯವಸ್ಥೆ ಹಲವು ಪರದೆಗಳನ್ನು ಒಂದೇ ಕೇಂದ್ರದಿಂದ ನಿರ್ವಹಿಸಬೇಕಾದ ದೊಡ್ಡ ಸಂಸ್ಥೆಗಳಿಗೆ ಒಪ್ಪುವಂಥದು. ಒಂದೆರಡು ಪರದೆಗಳಿರುವ ವಿಭಾಗಕ್ಕೆ ಆಂಥಿಯಾಸ್ ಸಾಕು. ಅದನ್ನು ಸ್ಥಾಪಿಸುವ ಕ್ರಮವೂ ಸರಳ. ತಂತ್ರಾಂಶದ ಪ್ರತಿಯನ್ನು ಬೇರೊಂದು ಗಣಕದ ಸಹಾಯದಿಂದ ಮೆಮೊರಿ ಕಾರ್ಡಿಗೆ ಬರೆದು, ಕಾರ್ಡನ್ನು ಫಲಕಕ್ಕೆ ಸೇರಿಸಿ, ಟಿ.ವಿ.ಗೆ ಜೋಡಿಸಿ, ವಿದ್ಯುತ್ತು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲೆ ಒಂದು ಜಾಲವಿಳಾಸ ಮೂಡುತ್ತದೆ. ಅದೇ ಜಾಲದಲ್ಲಿರುವ ಬೇರೆ ಗಣಕದ ಬ್ರೌಸರಿನಲ್ಲಿ ಆ ವಿಳಾಸವನ್ನು ತೆರೆದರೆ ನಿರ್ವಹಣೆಯ ಪುಟ ಸಿಗುತ್ತದೆ. ಚಿತ್ರ, ವಿಡಿಯೋ, ವೆಬ್ ಪುಟ ಈ ಮೂರರಲ್ಲಿ ಯಾವುದನ್ನಾದರೂ ಅಲ್ಲಿ ಸೇರಿಸಿ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಸೆಕೆಂಡುಗಳ ಕಾಲ ಅದು ಕಾಣಬೇಕೆಂದು ಗೊತ್ತುಪಡಿಸಬಹುದು. ನಾಲ್ಕನೆಯ ಪೀಳಿಗೆಯ ಫಲಕದಲ್ಲಿ ಟಿ.ವಿ.ಗೆ ಜೋಡಿಸುವ ಕಿಂಡಿಗಳು ಎರಡಿರುತ್ತವೆ. ವಿದ್ಯುತ್ತಿನ ಕಿಂಡಿಗೆ ಹತ್ತಿರವಿರುವುದೇ ಮೊದಲನೆಯದೆಂಬ ಚಿಕ್ಕ ತಿಳಿವಳಿಕೆಯಿದ್ದರೆ ಪರದೆ ಏಕೆ ಮೂಡಲಿಲ್ಲವೆಂದು ಹುಡುಕುವ ಸಮಯ ಉಳಿಯುತ್ತದೆ. ಒಟ್ಟಿನಲ್ಲಿ ಸ್ಥಾಪನೆ ಒಂದು ಮಧ್ಯಾಹ್ನದ ಕೆಲಸ; ಸಾಹಿತ್ಯದ ವಿದ್ಯಾರ್ಥಿಯೂ ಮಾಡಬಲ್ಲ ಕೆಲಸ.

ಮುಕ್ತ ತಂತ್ರಾಂಶವೆಂದರೆ ಬೆಲೆಯಿಲ್ಲದ ತಂತ್ರಾಂಶ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಬೆಲೆಯಿಲ್ಲದಿರುವುದು ಅದರ ಅನುಕೂಲ ಮಾತ್ರ. ಅದರ ಮೂಲಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಪರವಾನಗಿಯ ನಿಯಮಕ್ಕೆ ಒಳಪಟ್ಟು ಹಂಚಬಹುದು ಎಂಬುದು ಅದರ ಲಕ್ಷಣ. ಹಸ್ತಪ್ರತಿ ಪರಂಪರೆಯನ್ನು ಬಲ್ಲವರಿಗೆ ಈ ಪರಿಕಲ್ಪನೆ ಅಪರಿಚಿತವಾಗಲಾರದು. ಪ್ರತಿ ಮಾಡುವವನಿಗೆ ಓಲೆ ಕೈಗೆ ಸಿಕ್ಕದ್ದರಿಂದಲೇ ಅನೇಕ ಕೃತಿಗಳು ಒಂದು ಮನೆತನದ ಅಳಿವಿನ ಜೊತೆಗೆ ಅಳಿಯದೆ ಉಳಿದವು. ಮುಚ್ಚಿದ ತಂತ್ರಾಂಶದ ಕಂಪನಿ ಬಾಗಿಲು ಹಾಕಿದರೆ ಅದರ ಪೆಟ್ಟಿಗೆ ಬರಿಯ ಪೆಟ್ಟಿಗೆಯಾಗುತ್ತದೆ. ಮುಕ್ತ ತಂತ್ರಾಂಶವನ್ನು ಮುಂದುವರಿಸುವ ಹಕ್ಕಾದರೂ ಬಳಕೆದಾರರ ಬಳಿ ಇರುತ್ತದೆ. ಆದರೆ ಹಕ್ಕು ಇರುವುದೂ ಅದನ್ನು ಚಲಾಯಿಸುವ ಸಾಮರ್ಥ್ಯ ಇರುವುದೂ ಬೇರೆ ಬೇರೆ. ಪಾಲನೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

3. ಪಾಲನೆಯ ನೆಲೆಗಳು

ಸ್ಥಾಪಿಸಿದ ಮರುದಿನದಿಂದ ಎದುರಾಗುವ ತೊಂದರೆಗಳು ದೊಡ್ಡವಲ್ಲ. ಆದರೆ ನೋಡುವವರಿಲ್ಲದಿದ್ದರೆ ಅವುಗಳಲ್ಲಿ ಯಾವುದೊಂದೂ ಪರದೆಯನ್ನು ಕತ್ತಲಾಗಿಸಬಲ್ಲದು. ಮೊದಲನೆಯದು ವಿದ್ಯುತ್ತು. ಮೆಮೊರಿ ಕಾರ್ಡಿನ ಮೇಲೆ ಬರೆಯುವ ಕ್ರಿಯೆ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳ ವ್ಯವಸ್ಥೆ ಕೆಡುವ ಸಾಧ್ಯತೆ ಇದೆ. ಆಗಾಗ ಕರೆಂಟು ಹೋಗುವ ಊರುಗಳಲ್ಲಿ ಸಣ್ಣ ಯು.ಪಿ.ಎಸ್. ಒಂದನ್ನು ಜೋಡಿಸುವುದು, ಸಿದ್ಧಪಡಿಸಿದ ಕಾರ್ಡಿನ ಇನ್ನೊಂದು ಪ್ರತಿಯನ್ನು ಕಪಾಟಿನಲ್ಲಿ ಇಟ್ಟಿರುವುದು ಅವಶ್ಯ. ಒಂದೇ ವೆಬ್ ಪುಟವನ್ನು ತೋರಿಸುವಷ್ಟಕ್ಕೇ ಮೀಸಲಾದ ಫಲಕವಾದರೆ ಕಾರ್ಡಿನ ಮೇಲೆ ಏನನ್ನೂ ಬರೆಯದಂತೆ ಕಾಯ್ದಿಡುವ ಸೌಲಭ್ಯ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿಯೇ ಇದೆ. ಆ ಸ್ಥಿತಿಯಲ್ಲಿ ಹೊಸದಾಗಿ ಸೇರಿಸಿದ್ದು ಯಂತ್ರ ಮರಳಿ ಚಾಲನೆಗೊಂಡಾಗ ಉಳಿಯುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಎರಡನೆಯದು ಚಾರ್ಜರು. ನಾಲ್ಕನೆಯ ಪೀಳಿಗೆಯ ಫಲಕಕ್ಕೆ 5 ವೋಲ್ಟಿನ 3 ಆಂಪಿಯರ್, ಐದನೆಯದಕ್ಕೆ 5 ವೋಲ್ಟಿನ 5 ಆಂಪಿಯರ್ ಸಾಮರ್ಥ್ಯದ ಪೂರೈಕೆಯನ್ನು ತಯಾರಕರು ಸೂಚಿಸಿದ್ದಾರೆ. ಮೇಜಿನ ಮೇಲೆ ಸಿಕ್ಕ ಹಳೆಯ ಮೊಬೈಲ್ ಚಾರ್ಜರನ್ನು ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತದೆ. ವೋಲ್ಟೇಜು ಸಾಲದೆಂಬುದಕ್ಕೆ ಅದು ಯಂತ್ರವೇ ಕೊಡುವ ಎಚ್ಚರಿಕೆ. ಮೂರನೆಯದು ಗಡಿಯಾರ. ನಾಲ್ಕನೆಯ ಪೀಳಿಗೆಯವರೆಗಿನ ಈ ಫಲಕಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಐದನೆಯದರಲ್ಲಿ ಗಡಿಯಾರವಿದ್ದರೂ ಬ್ಯಾಟರಿಯನ್ನು ಬೇರೆಯಾಗಿ ಜೋಡಿಸಬೇಕು. ಇಂಟರ್‌ನೆಟ್ಟಿನಿಂದ ಸಮಯವನ್ನು ಪಡೆಯಲಾಗದಿದ್ದರೆ ಯಂತ್ರ ತಪ್ಪು ದಿನಾಂಕದಲ್ಲಿ ಎಚ್ಚರಗೊಂಡು, ಮುಗಿದುಹೋದ ವಿಚಾರಸಂಕಿರಣಕ್ಕೆ ಇನ್ನೂ ಆಹ್ವಾನ ನೀಡುತ್ತಿರುತ್ತದೆ.

ನಾಲ್ಕನೆಯದು ಭದ್ರತೆ. ನಿರ್ವಹಣೆಯ ಪುಟಕ್ಕೆ ಪಾಸ್‌ವರ್ಡ್ ಹಾಕದೆ ಬಿಟ್ಟರೆ ಅದೇ ಜಾಲದಲ್ಲಿರುವ ಯಾರು ಬೇಕಾದರೂ ಪರದೆಯ ಮೇಲೆ ಏನನ್ನು ಬೇಕಾದರೂ ಮೂಡಿಸಬಹುದು. ವಿಭಾಗದ ಹೆಸರಿನಲ್ಲಿ ಕಾಣುವ ಬರೆಹಕ್ಕೆ ವಿಭಾಗವೇ ಹೊಣೆ. ಹಿಂದೆ ರಾಸ್ಪ್‌ಬೆರಿ ಪೈಯ ಕಾರ್ಯವ್ಯವಸ್ಥೆಯಲ್ಲಿ ಎಲ್ಲರಿಗೂ ತಿಳಿದ ಒಂದೇ ಬಳಕೆದಾರ ಹೆಸರು, ಒಂದೇ ಪಾಸ್‌ವರ್ಡ್ ಮೊದಲಿನಿಂದ ಇರುತ್ತಿದ್ದವು. 2022ರ ಏಪ್ರಿಲ್‌ನಲ್ಲಿ ಆ ಕ್ರಮವನ್ನು ಕೈಬಿಡಲಾಯಿತು. ಅದಕ್ಕಿಂತ ಹಿಂದೆ ಸ್ಥಾಪಿಸಿ ಮರೆತ ಯಂತ್ರಗಳಿದ್ದರೆ ಅವುಗಳನ್ನು ಇಂದೇ ಪರಿಶೀಲಿಸುವುದು ಒಳಿತು. ಐದನೆಯದು ಪರಿಷ್ಕರಣೆ. ರಾಸ್ಪ್‌ಬೆರಿ ಪೈಯ ಕಾರ್ಯವ್ಯವಸ್ಥೆ ಡೆಬಿಯನ್ ಎಂಬ ಲಿನಕ್ಸ್ ಪ್ರಭೇದವನ್ನು ಆಧರಿಸಿದೆ. ಡೆಬಿಯನ್ನಿನ ಹೊಸ ಆವೃತ್ತಿಗಳು 2021, 2023 ಮತ್ತು 2025ರಲ್ಲಿ ಬಂದವು. ಸುಮಾರು ಎರಡು ವರ್ಷಗಳಿಗೊಮ್ಮೆ ತಳಹದಿಯೇ ಬದಲಾಗುವ ವ್ಯವಸ್ಥೆಯನ್ನು ಒಮ್ಮೆ ಹಾಕಿ ಮರೆಯಲಾಗುವುದಿಲ್ಲ.

ಇಲ್ಲಿ ಹೇಳಿದ ಯಾವುದಕ್ಕೂ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ವಾರಕ್ಕೊಮ್ಮೆ ನೋಡುವ ಕಣ್ಣು, ತಿಂಗಳಿಗೊಮ್ಮೆ ಅರ್ಧ ಗಂಟೆ, ನಡೆದದ್ದನ್ನು ಬರೆದಿಡುವ ಶಿಸ್ತು ಇಷ್ಟು ಬೇಕು. ಹಸ್ತಪ್ರತಿ ಭಂಡಾರವನ್ನು ನೋಡಿಕೊಳ್ಳುವವರಿಗೆ ಈ ಶಿಸ್ತು ಹೊಸದೇನಲ್ಲ. ಓಲೆಗೆ ಹುಳು ಬೀಳದಂತೆ ಎಣ್ಣೆ ಸವರುವ ಕೆಲಸವೂ ಇದೇ ಜಾತಿಯದು.

4. ಪರದೆಯ ಮೇಲಿನ ಕನ್ನಡ

ಈವರೆಗೆ ಹೇಳಿದ್ದು ಯಾವ ವಿಭಾಗಕ್ಕಾದರೂ ಅನ್ವಯಿಸುವ ಮಾತು. ಕನ್ನಡ ವಿಭಾಗವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಪರದೆಯ ಮೇಲಿನ ಲಿಪಿಯಲ್ಲಿದೆ. ನಮ್ಮ ಕಚೇರಿಗಳಲ್ಲಿ ಇಂದಿಗೂ ಎಷ್ಟೋ ಕಡತಗಳು ಯೂನಿಕೋಡ್ ಪೂರ್ವದ, ಫಾಂಟಿಗೆ ಕಟ್ಟುಬಿದ್ದ ಸಂಕೇತದಲ್ಲಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮತ್ತು ಅದರ ಸಮಕಾಲೀನ ತಂತ್ರಾಂಶಗಳು ಆ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ಸಂಕೇತದ ಬರೆಹವನ್ನು ನೇರವಾಗಿ ವೆಬ್ ಪುಟಕ್ಕೆ ಅಂಟಿಸಿದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಇನ್ನು ಯೂನಿಕೋಡ್ ಬಳಸಿದರೂ, ಯಂತ್ರದಲ್ಲಿ ಕನ್ನಡದ ಯಾವ ಫಾಂಟೂ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಸಾಲುಗಟ್ಟುತ್ತವೆ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಮೊದಲಾದ ಫಾಂಟುಗಳು ಮುಕ್ತವಾಗಿ ದೊರೆಯುತ್ತವೆ. ಆದರೆ ಆಂಥಿಯಾಸಿನಂತಹ ತಂತ್ರಾಂಶ ತನ್ನದೇ ಪ್ರತ್ಯೇಕ ಕೋಶದೊಳಗೆ ನಡೆಯುವುದರಿಂದ ಹೊರಗಿನ ವ್ಯವಸ್ಥೆಗೆ ಹಾಕಿದ ಫಾಂಟು ಅದಕ್ಕೆ ಕಾಣದೆಹೋಗಬಹುದು. ಪುಟದ ಜೊತೆಯಲ್ಲಿಯೇ ಫಾಂಟನ್ನೂ ಕಳುಹಿಸುವುದು ಹೆಚ್ಚು ನಂಬಿಕೆಯ ದಾರಿ.

ಫಾಂಟು ಇದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ರೋಮನ್ ಲಿಪಿಯ ಅಳತೆಗೆ ಹೊಂದಿಸಿದ ಸಿದ್ಧ ಮಾದರಿಗಳಲ್ಲಿ ಸಾಲುಗಳ ನಡುವಣ ಅಂತರ ಕಿರಿದಾಗಿರುತ್ತದೆ. ‘ರಾಷ್ಟ್ರೀಯ’ದಂತಹ ಪದದಲ್ಲಿ ಒತ್ತಿನ ಕೆಳಗೊಂದು ಒತ್ತು ಬಂದಾಗ ಅದರ ಬುಡ ಕತ್ತರಿಸಿಹೋಗುತ್ತದೆ, ಇಲ್ಲವೆ ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ‘ರ‍್ಯಾಂಕ್’ ಎಂದು ಸರಿಯಾಗಿ ಮೂಡಬೇಕಾದರೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕು. ಸೇರಿಸದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಬಿಡಿಸುವ ಚಿಹ್ನೆ ಇಲ್ಲದಿದ್ದರೆ ವಕಾರವು ಟಕಾರಕ್ಕೆ ಒತ್ತಾಗಿ ಇಳಿಯುತ್ತದೆ. ಇವು ತಂತ್ರಜ್ಞನ ಕಣ್ಣಿಗೆ ದೋಷಗಳಾಗಿ ಕಾಣಲಾರವು, ಏಕೆಂದರೆ ಯಂತ್ರ ಎಲ್ಲಿಯೂ ನಿಂತಿರುವುದಿಲ್ಲ. ದೋಷವಿರುವುದು ಬರೆಹದಲ್ಲಿ. ಅದನ್ನು ದೋಷವೆಂದು ಗುರುತಿಸುವ ತರಬೇತಿ ದೊರೆಯುವುದು ನಮ್ಮ ತರಗತಿಗಳಲ್ಲಿ.

ಈ ತೊಡಕುಗಳಿಂದ ಪಾರಾಗಲು ಬಹಳ ಕಡೆ ಅನುಸರಿಸುವ ಸುಲಭದ ಉಪಾಯವೆಂದರೆ ಪ್ರಕಟಣೆಯನ್ನು ಚಿತ್ರವಾಗಿ ಪರಿವರ್ತಿಸಿ ಪರದೆಗೆ ಏರಿಸುವುದು. ಅಕ್ಷರಗಳೇನೋ ಸರಿಯಾಗಿ ಕಾಣುತ್ತವೆ. ಆದರೆ ಚಿತ್ರವಾದ ಕನ್ನಡವನ್ನು ನೇರವಾಗಿ ಹುಡುಕಲಾಗದು, ನಕಲಿಸಲಾಗದು. ಅಂಧ ವಿದ್ಯಾರ್ಥಿಯ ಗಣಕ ಅದನ್ನು ಪಠ್ಯದಂತೆ ಓದಿ ಹೇಳಲಾರದು. ಪ್ರಕಟಣೆಯ ಅವಧಿ ಮುಗಿದೊಡನೆ ಅದನ್ನು ಅಳಿಸಿಹಾಕುತ್ತಾರೆ. ವಿಭಾಗದ ಇತಿಹಾಸವನ್ನು ಬರೆಯಹೊರಟವರಿಗೆ ಹಳೆಯ ಆಹ್ವಾನ ಪತ್ರಿಕೆ, ಕರಪತ್ರಗಳು ಎಷ್ಟು ಬೆಲೆಯುಳ್ಳ ಆಕರಗಳೆಂಬುದು ಗೊತ್ತು. ಯಾವ ವರ್ಷ ಯಾರು ಬಂದು ಯಾವ ವಿಷಯ ಕುರಿತು ಮಾತನಾಡಿದರೆಂಬುದನ್ನು ಎಷ್ಟೋ ಸಲ ಒಂದು ಹಳದಿಯಾದ ಹಾಳೆಯೇ ಹೇಳಿದೆ. ಅದೇ ಪ್ರಕಟಣೆಯನ್ನು ಯೂನಿಕೋಡ್ ಪಠ್ಯವುಳ್ಳ ವೆಬ್ ಪುಟವಾಗಿ ತೋರಿಸಿ, ಅವಧಿ ಮುಗಿದ ಮೇಲೆ ದಿನಾಂಕದ ಕ್ರಮದಲ್ಲಿ ಒಂದು ಕಡತಕೋಶಕ್ಕೆ ಸೇರಿಸುತ್ತ ಹೋದರೆ, ಪರದೆಯ ಕೆಲಸದಿಂದಲೇ ವಿಭಾಗದ ದಾಖಲೆಯೂ ಬೆಳೆಯುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯು ವ್ಯಾಪಾರ ಮೊದಲಾದ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಿತು. ಇದು ಜಾಗದ ಲೆಕ್ಕ. ಸ್ಥಿರವಾದ ಹಲಗೆಗೆ ಈ ಲೆಕ್ಕ ಒಪ್ಪುತ್ತದೆ. ಚಲಿಸುವ ಪರದೆಯಲ್ಲಿ ಜಾಗದ ಜೊತೆಗೆ ಕಾಲವನ್ನೂ ಅಳೆಯಬೇಕಾಗುತ್ತದೆ. ಒಂದು ನಿಮಿಷದ ಸರದಿಯಲ್ಲಿ ಇಡೀ ಪರದೆಯನ್ನು ತುಂಬಿದ ಕನ್ನಡ ಐದೇ ಸೆಕೆಂಡು ಇದ್ದು ಉಳಿದ ಐವತ್ತೈದು ಸೆಕೆಂಡು ಬೇರೆ ಭಾಷೆಯಿದ್ದರೆ, ಜಾಗದ ಅಳತೆಯಲ್ಲಿ ಕನ್ನಡ ಪೂರ್ಣವಾಗಿದ್ದೂ ಓದುಗನ ಅನುಭವದಲ್ಲಿ ಇಲ್ಲವೆಂಬಷ್ಟಾಗುತ್ತದೆ. ಪರದೆಯ ಮೇಲಿನ ಭಾಷಾನೀತಿಯನ್ನು ನಿರ್ಧರಿಸುವುದು ತಂತ್ರಾಂಶದಲ್ಲಿ ಸೆಕೆಂಡುಗಳನ್ನು ತುಂಬುವ ಆ ಪುಟ್ಟ ಚೌಕ. ಅದನ್ನು ತುಂಬುವ ಕೈ ಯಾರದೆಂಬುದು ಆದಕಾರಣ ಗೌಣ ಪ್ರಶ್ನೆಯಲ್ಲ.

5. ಕೆಲವು ಆಕ್ಷೇಪಗಳು

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪಾಠ, ಸಂಶೋಧನೆ, ಮೌಲ್ಯಮಾಪನಗಳ ಒತ್ತಡದಲ್ಲಿರುವ ಅಧ್ಯಾಪಕರ ಮೇಲೆ ಇನ್ನೊಂದು ಹೊರೆಯೇಕೆ, ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ ಖಾಸಗಿಯವರಿಗೆ ಕೊಟ್ಟರಾಗದೆ ಎಂಬುದು ಮೊದಲನೆಯದು. ಈ ಮಾತಿನಲ್ಲಿ ನ್ಯಾಯವಿದೆ. ನೂರಾರು ಪರದೆಗಳುಳ್ಳ ಆಸ್ಪತ್ರೆಗೋ ರೈಲು ನಿಲ್ದಾಣಕ್ಕೋ ಅಂತಹ ಒಪ್ಪಂದವೇ ಸರಿ. ಆದರೆ ಗುತ್ತಿಗೆದಾರ ಪೆಟ್ಟಿಗೆಯನ್ನು ದುರಸ್ತಿ ಮಾಡಬಲ್ಲನೇ ಹೊರತು ಒತ್ತಕ್ಷರವನ್ನು ತಿದ್ದಲಾರ. ಒಪ್ಪಂದ ನವೀಕರಣವಾಗದ ವರ್ಷ ಪರದೆಯ ಮೇಲೆ ವಿಭಾಗಕ್ಕೆ ಯಾವ ಹಿಡಿತವೂ ಉಳಿಯುವುದಿಲ್ಲ.

ಸೀಮೆಸುಣ್ಣದ ಕಪ್ಪು ಹಲಗೆಯೇ ಸಾಲದೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ. ನೋಡಿಕೊಳ್ಳಲು ಯಾರೂ ಇಲ್ಲದ ವಿಭಾಗದಲ್ಲಿ ಪರದೆಯನ್ನು ಹಾಕದಿರುವುದೇ ವಿವೇಕ. ಕತ್ತಲಾದ ಪರದೆಗಿಂತ, ಕಳೆದ ವರ್ಷದ ದಿನಾಂಕ ತೋರುವ ಪರದೆಗಿಂತ, ಈ ದಿನ ಬರೆದ ಸೀಮೆಸುಣ್ಣದ ಸಾಲು ಮೇಲು. ಪರದೆ ಬೇಕೇ ಬೇಡವೇ ಎಂಬುದನ್ನು ಅನುದಾನ ಇದೆಯೇ ಎಂಬುದರಿಂದ ತೀರ್ಮಾನಿಸದೆ ಪಾಲಕರಿದ್ದಾರೆಯೇ ಎಂಬುದರಿಂದ ತೀರ್ಮಾನಿಸಬೇಕು.

ಮುಕ್ತ ತಂತ್ರಾಂಶದ ಮೇಲೆಯೂ ಭರವಸೆ ಇಡಲಾಗದು, ಅದನ್ನು ಬೆಳೆಸುವವರು ನಾಳೆ ಕೈಬಿಟ್ಟರೆ ಏನು ಗತಿ ಎಂಬುದು ಮೂರನೆಯದು. ಇದು ನಿಜವಾದ ಅಪಾಯ. ಹಳೆಯ ಫಲಕಗಳಿಗೆ ದೊರೆಯುವ ಬೆಂಬಲ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಇದಕ್ಕೆ ಇರುವ ರಕ್ಷೆಯೆಂದರೆ ವಿಷಯವನ್ನು ತಂತ್ರಾಂಶದಿಂದ ಬೇರೆಯಾಗಿ ಇಡುವುದು. ಪ್ರಕಟಣೆಗಳು ಸಾಮಾನ್ಯ ವೆಬ್ ಪುಟಗಳಾಗಿದ್ದರೆ ಆಂಥಿಯಾಸ್ ಹೋಗಿ ಬೇರೊಂದು ಬಂದರೂ ಒಂದಕ್ಷರವನ್ನೂ ಮತ್ತೆ ಬರೆಯಬೇಕಾಗುವುದಿಲ್ಲ.

6. ಹೊಣೆಯ ಹಂಚಿಕೆ

ಈಗ ಈ ಕೆಲಸ ಎಲ್ಲಿಯಾದರೂ ನಡೆಯುತ್ತಿದ್ದರೆ ಅದು ಬಹುಮಟ್ಟಿಗೆ ಸಂಶೋಧನಾರ್ಥಿಗಳ ಕೈಯಲ್ಲಿದೆ ಎಂಬುದು ನಾನು ಕಂಡ ಸಂಗತಿ. ಗಣಕದ ಪರಿಚಯವಿರುವ ಒಬ್ಬ ವಿದ್ಯಾರ್ಥಿಯನ್ನು ಕರೆದು ‘ಇದೊಂದಿಷ್ಟು ನೋಡಪ್ಪ’ ಎನ್ನಲಾಗುತ್ತದೆ. ಆತ ನೋಡುತ್ತಾನೆ. ಮೂರು ನಾಲ್ಕು ವರ್ಷಗಳ ನಂತರ ಮಹಾಪ್ರಬಂಧವನ್ನು ಸಲ್ಲಿಸಿ ಹೊರಡುತ್ತಾನೆ. ಅವನ ಜೊತೆಗೆ ಪಾಸ್‌ವರ್ಡೂ ಹೋಗುತ್ತದೆ. ನಾನು ಬಲ್ಲ ವಿಭಾಗವೊಂದರಲ್ಲಿ ಹೀಗೆಯೇ ಆಗಿ, ಮುಗಿದುಹೋದ ಉಪನ್ಯಾಸಮಾಲೆಯೊಂದರ ಆಹ್ವಾನ ತಿಂಗಳುಗಟ್ಟಲೆ ಪರದೆಯ ಮೇಲೆ ಉಳಿಯಿತು. ಕಡೆಗೆ ಯಾರೋ ಟಿ.ವಿ.ಯ ಪ್ಲಗ್ಗನ್ನು ಕಿತ್ತರು. ಇದರಲ್ಲಿ ಆ ವಿದ್ಯಾರ್ಥಿಯ ತಪ್ಪಿಲ್ಲ. ಅವನು ಮಾಡಿದ್ದು ಕೆಲಸವೆಂದು ಎಲ್ಲಿಯೂ ದಾಖಲಾಗಿರಲಿಲ್ಲ; ದಾಖಲಾಗದ ಕೆಲಸವನ್ನು ಮತ್ತೊಬ್ಬರಿಗೆ ಹಸ್ತಾಂತರಿಸುವುದು ಹೇಗೆ? ಪರದೆಯ ಕೆಳಗೆ ಅದನ್ನು ಉದ್ಘಾಟಿಸಿದವರ ಹೆಸರಿನ ಹಿತ್ತಾಳೆಯ ತಗಡು ಇರುತ್ತದೆ. ಪಾಲಿಸಿದವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಶಾಸನವನ್ನು ಕಂಡರಿಸಿದ ರೂವಾರಿಯ ಹೆಸರನ್ನು ಕಲ್ಲಿನ ಕೊನೆಯಲ್ಲಿ ಬರೆಯುವಷ್ಟು ಔದಾರ್ಯವನ್ನು ನಮ್ಮ ಹಿರಿಯರು ಎಷ್ಟೋ ಕಡೆ ತೋರಿದ್ದರು.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ವಿಭಾಗಗಳ ಮುಂದಿಡಲು ಬಯಸುತ್ತೇನೆ. ಒಂದು, ಪರದೆಯನ್ನು ಹಾಕುವ ವಿಭಾಗ ಅದರ ಪಾಲನೆಯನ್ನು ಒಬ್ಬ ಅಧ್ಯಾಪಕರು ಮತ್ತು ಇಬ್ಬರು ವಿದ್ಯಾರ್ಥಿಗಳಿಗೆ ಹೆಸರು ಹಿಡಿದು ವಹಿಸಬೇಕು. ಇಬ್ಬರಲ್ಲಿ ಒಬ್ಬರು ಪ್ರತಿವರ್ಷ ಬದಲಾಗಬೇಕು, ಹಳಬರು ಹೊಸಬರಿಗೆ ಕಲಿಸಬೇಕು. ಆ ಹೆಸರುಗಳು ವಿಭಾಗದ ವಾರ್ಷಿಕ ವರದಿಯಲ್ಲಿ ಬರಬೇಕು. ಬಿಡಿಕಾರ್ಡು, ಚಾರ್ಜರುಗಳ ಸಣ್ಣ ವೆಚ್ಚಕ್ಕೆ ಪ್ರತಿವರ್ಷವೂ ಹಣ ತೆಗೆದಿಡಬೇಕು. ಎರಡು, ಕನ್ನಡದಲ್ಲಿ ಬರೆದ ಪಾಲನಾ ಪುಸ್ತಕವೊಂದು ವಿಭಾಗದ ಕಚೇರಿಯಲ್ಲಿರಬೇಕು. ಯಾವ ದಿನ ಕಾರ್ಡು ಬದಲಾಯಿತು, ಯಾವ ದಿನ ತಂತ್ರಾಂಶ ಪರಿಷ್ಕರಣೆಗೊಂಡಿತು, ಪರದೆ ಮೂಡದಿದ್ದಾಗ ಏನು ಮಾಡಿದ್ದರಿಂದ ಮೂಡಿತು ಎಂಬುದು ಅದರಲ್ಲಿ ದಾಖಲಾಗಬೇಕು. ಪಾಸ್‌ವರ್ಡು ಮಾತ್ರ ಮುಖ್ಯಸ್ಥರ ಬೀರುವಿನಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ. ಇಂತಹ ಪುಸ್ತಕಗಳಿಂದ ಇನ್ನೊಂದು ಲಾಭವೂ ಇದೆ. ತಂತ್ರಜ್ಞಾನದ ಕನ್ನಡ ಪರಿಭಾಷೆ ಸಮಿತಿಗಳಲ್ಲಿ ಹುಟ್ಟಿ ನಿಘಂಟುಗಳಲ್ಲಿ ಉಳಿದುಬಿಡುತ್ತದೆಂಬ ದೂರು ಹಳೆಯದು. ಕೆಟ್ಟದ್ದನ್ನು ಸರಿಪಡಿಸಿ, ಸರಿಪಡಿಸಿದ ಬಗೆಯನ್ನು ಕನ್ನಡದಲ್ಲಿ ಬರೆದಿಡಬೇಕಾದವನಿಗೆ ಬೇಕಾಗುವ ಪದಗಳು ಬಳಕೆಯಿಂದಲೇ ಹುಟ್ಟುತ್ತವೆ. ಮೂರು, ಪರದೆಯ ಮೇಲೆ ಬರುವ ಪ್ರತಿಯೊಂದು ಪ್ರಕಟಣೆಯೂ ಯೂನಿಕೋಡ್ ಪಠ್ಯವಾಗಿರಬೇಕು, ಅವಧಿ ಮುಗಿದ ಮೇಲೆ ಸಂಗ್ರಹಕ್ಕೆ ಸೇರಬೇಕು, ಸರದಿಯಲ್ಲಿ ಕನ್ನಡಕ್ಕೆ ಸಲ್ಲುವ ಸೆಕೆಂಡುಗಳನ್ನು ವಿಭಾಗವೇ ನಿಶ್ಚಯಿಸಬೇಕು.

ಇವುಗಳಲ್ಲಿ ಯಾವುದೂ ದುಬಾರಿಯಲ್ಲ, ಯಾವುದೂ ಕಷ್ಟಸಾಧ್ಯವಲ್ಲ. ಆದರೂ ನಡೆಯದಿರುವುದಕ್ಕೆ ಕಾರಣ, ಪಾಲನೆಯನ್ನು ನಾವು ವಿದ್ವತ್ತಿನ ಹೊರಗಿನ ಕೆಲಸವೆಂದು ಎಣಿಸಿರುವುದು. ಗ್ರಂಥಸಂಪಾದನೆ, ಹಸ್ತಪ್ರತಿ ಸೂಚಿ, ನಿಘಂಟಿನ ಪರಿಷ್ಕರಣೆ ಇವೆಲ್ಲವೂ ಮೂಲತಃ ಪಾಲನೆಯ ಕೆಲಸಗಳೇ ಆಗಿದ್ದು, ಕನ್ನಡ ಅಧ್ಯಯನ ನಿಂತಿರುವುದು ಅವುಗಳ ಮೇಲೆ. ಪಡಸಾಲೆಯ ಪರದೆಯನ್ನು ಆ ಪಟ್ಟಿಗೆ ಸೇರಿಸಲು ವಿಭಾಗದ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಸಾಕು. ಆ ನಿರ್ಣಯದಲ್ಲಿ ಪರದೆಯನ್ನು ಕೊಡುಗೆಯಾಗಿ ಕೊಟ್ಟವರ ಹೆಸರಿನ ಜೊತೆಗೆ ಅದನ್ನು ನೋಡಿಕೊಳ್ಳುವವರ ಹೆಸರೂ ಇರಲಿ.